ಅಕ್ಕನ ಐತಾರ

ನಮ್ಮ ಕಲಿಕಾ ಕೇಂದ್ರ ಹಳಿಯಾಳ ತಾಲೂಕಿನ ಒಂದು ವಸ್ತಿಯಲ್ಲಿದೆ. ಸುತ್ತ ಕಾಡು. ನಡುವೆ ಭತ್ತದ ಗದ್ದೆ, ಗೋವಿನಜೋಳದ ಹೊಲ. ಹಗಲು ನಾವು ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ರಾತ್ರಿ ಏಳೂವರೆಗೆ ಕೇಂದ್ರಕ್ಕೆ ಬರುತ್ತೇವೆ. ಹದಿನಾಲ್ಕು ಜನ ಅಕ್ಕಂದಿರು ಬರುತ್ತಾರೆ. ಕೆಲವರು ಕೂಸು ಎತ್ತಿಕೊಂಡೇ ಬರುತ್ತಾರೆ.

ಒಂದು ದಿನ ವಾರದ ಹೆಸರುಗಳ ಪಾಠ ನಡೆದಿತ್ತು. ಸೋಮವಾರದಿಂದ ರವಿವಾರದವರೆಗೆ ಹಲಗೆಯ ಮೇಲೆ ಬರೆದೆವು. ರವಿವಾರಕ್ಕೆ ನಮ್ಮ ಕಡೆ ಐತಾರ ಅನ್ನುತ್ತಾರೆ. ಎಲ್ಲರೂ ಒಟ್ಟಿಗೆ ಓದಿದರು. ಆಮೇಲೆ ನಾವು ಒಂದು ಪ್ರಶ್ನೆ ಕೇಳಿದೆವು.

“ಐತಾರ ನೀವು ಏನು ಮಾಡ್ತೀರಿ?”

“ಅರಿವಿ ಒಗೀತೇನ್ರಿ ಅಕ್ಕೋರ.”

“ಮನಿ ಸಾರಸ್ತೇನ್ರಿ.”

“ಕಟಗಿ ತರಾಕ ಹೋಗ್ತೇನ್ರಿ.”

“ಅದೆಲ್ಲ ಮನೆಗಾಗಿ ಆಯಿತು. ನಿಮಗಾಗಿ ಏನು ಮಾಡ್ತೀರಿ?”

ಯಾರೂ ಮಾತಾಡಲಿಲ್ಲ. ಒಬ್ಬರು ನಕ್ಕು, “ತಲೀಗೆ ಎರಕೊಂತೇನ್ರಿ, ಅದಷ್ಟ ನನ್ನ ಪಾಲಿಂದು” ಅಂದರು. ಎಲ್ಲರೂ ನಕ್ಕರು. ಆಗ ಹಿಂದಿನ ಸಾಲಿನಿಂದ ಒಂದು ದನಿ ಬಂತು.

“ಐತಾರ ಮಧ್ಯಾಹ್ನ ಎರಡು ಹೊಡದ ಮ್ಯಾಲೆ ನಾ ಯಾರ ಕೆಲಸಾನೂ ಮಾಡೂದಿಲ್ರಿ.”

ಎಲ್ಲರೂ ತಿರುಗಿ ನೋಡಿದರು. ನಾವೂ ನೋಡಿದೆವು.

ಈ ಪಾಠ ಆ ಅಕ್ಕನದು. ಹೆಸರು ಬರೆಯಬೇಡಿ ಅಂದರು. “ಓದಿದವರು ನಮ್ಮ ಮನಿ ಮಂದಿಗೆ ಹೋಗಿ ಹೇಳ್ತಾರ” ಎಂಬುದು ಅವರ ಚಿಂತೆ. ಹಾಗಾಗಿ ಇಲ್ಲಿ ಬರೀ ಅಕ್ಕ ಅಂತ ಬರೆದಿದ್ದೇವೆ.

ಅಕ್ಕ ಸಿದ್ದಿ ಜನಾಂಗದವರು. ನೂರಾರು ವರ್ಷಗಳ ಹಿಂದೆ ಇವರ ಹಿರಿಯರನ್ನು ಆಫ್ರಿಕಾ ಖಂಡದಿಂದ ಹಡಗಿನಲ್ಲಿ ತಂದರು. ಪೋರ್ಚುಗೀಸರು ತಂದರು, ಅರಬ ವ್ಯಾಪಾರಿಗಳೂ ತಂದರು. ಗೋವಾದಲ್ಲಿ ಗುಲಾಮರಾಗಿ ದುಡಿಸಿದರು. ಎಷ್ಟೋ ಜನ ಅಲ್ಲಿಂದ ತಪ್ಪಿಸಿಕೊಂಡು ನಮ್ಮ ಕಾಡಿಗೆ ಬಂದರು. ಹಳಿಯಾಳ, ಮುಂಡಗೋಡ, ಯಲ್ಲಾಪುರ, ಜೋಯಿಡಾ ಕಡೆ ನೆಲೆ ನಿಂತರು. ಇವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2003 ರಲ್ಲಿ ಉತ್ತರ ಕನ್ನಡದ ಸಿದ್ದಿಗರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅಕ್ಕನ ಮನೆಯಲ್ಲಿ ಕೊಂಕಣಿ ಮಾತು. ಹೊಲದಲ್ಲಿ, ಸಂತೆಯಲ್ಲಿ ಕನ್ನಡ. ಬರೆಯಲು ಕಲಿತದ್ದು ಕನ್ನಡ.

ಎರಡು ಹೊಡೆದ ಮೇಲೆ

ರವಿವಾರ ಅಕ್ಕ ಎಂದಿನಂತೆ ಐದಕ್ಕೆ ಏಳುತ್ತಾರೆ. ಕೊಟ್ಟಿಗೆ, ನೀರು, ಒಲೆ. ಆಮೇಲೆ ಇಗರ್ಜಿಗೆ ಹೋಗಿ ಬರುತ್ತಾರೆ. ಮಧ್ಯಾಹ್ನದ ಅಡಿಗೆ ಮಾಡುತ್ತಾರೆ. ರಾತ್ರಿಯ ಅನ್ನ, ಸಾರು ಕೂಡ ಆಗಲೇ ಮಾಡಿಡುತ್ತಾರೆ. ಊಟ ಮುಗಿಸಿ, ಪಾತ್ರೆ ತಿಕ್ಕಿ, ಗಡಿಯಾರ ನೋಡುತ್ತಾರೆ. ಗಡಿಯಾರ ನೋಡಲು ಅವರು ನಮ್ಮ ಕೇಂದ್ರದಲ್ಲೇ ಕಲಿತರು. ಅದು ನಮಗೂ ಹೆಮ್ಮೆ.

ಎರಡಾದರೆ ಪಡಸಾಲೆಯಲ್ಲಿ ಚಾಪೆ ಹಾಸುತ್ತಾರೆ. ಸೂಜಿ, ದಾರ, ಚಿಂದಿಯ ಗಂಟು ತರುತ್ತಾರೆ. ಮೊಬೈಲಿನಲ್ಲಿ ಹಾಡು ಹಚ್ಚುತ್ತಾರೆ. ಕೌದಿ ಹೊಲಿಯಲು ಕೂಡುತ್ತಾರೆ. ಸಿದ್ದಿಗರು ಇದಕ್ಕೆ ಕವಂದಿ ಅನ್ನುತ್ತಾರೆ.

ಮೊದಮೊದಲು ಮನೆಯಲ್ಲಿ ಗದ್ದಲವಾಯಿತು. ಗಂಡ ಚಹಾ ಕೇಳಿದರು. ಅಕ್ಕ ಏಳಲಿಲ್ಲ. “ಚಾಪುಡಿ ಡಬ್ಬಿ ಒಲಿ ಬಾಜೂಕ ಐತಿ” ಅಂದರು. ಗಂಡ ಸಿಟ್ಟಿನಿಂದ ಹೊರಗೆ ಹೋದರು. ಅವರಿಗೆ ರವಿವಾರ ಹಳಿಯಾಳದ ಕುಸ್ತಿ ನೋಡುವ ಹುಚ್ಚು. ಹಳಿಯಾಳ ಕುಸ್ತಿಗೆ ಹೆಸರಾದ ಊರು. ಈಗ ಹುಡುಗಿಯರೂ ಅಲ್ಲಿ ಕುಸ್ತಿ ಕಲಿಯುತ್ತಾರೆ. ಗಂಡ ಕುಸ್ತಿ ನೋಡಿ ಬಂದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಅಕ್ಕ ಸೂಜಿ ಹಿಡಿದು ಕೂತರೆ ಮಾತ್ರ ಓಣಿಯೇ ಕೇಳಿತು. ನಾಲ್ಕೈದು ವಾರ ಕಳೆಯಿತು. ಮಗ ಚಹಾ ಮಾಡಲು ಕಲಿತ. ಸಕ್ಕರೆ ಜಾಸ್ತಿ ಹಾಕುತ್ತಾನಂತೆ.

ಈ ರಜೆ ಎಲ್ಲಿಂದ ಬಂತು?

“ಎರಡು ಗಂಟೆಯ ಈ ಕಾಯ್ದೆ ಯಾರು ಮಾಡಿದ್ದು?” ಅಂತ ನಾವು ಕೇಳಿದೆವು. ಅಕ್ಕ ದಾಂಡೇಲಿಯ ಮಾತು ಹೇಳಿದರು. ಅವರ ಸಂಬಂಧಿಕರೊಬ್ಬರು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿದ್ದರು. 1955 ರಲ್ಲಿ ಹುಟ್ಟಿದ ಕಂಪನಿ ಅದು. ಅವರಿಗೆ ವಾರಕ್ಕೆ ಒಂದು ದಿನ ರಜೆ ಇತ್ತು. ಆ ದಿನ ಅವರು ಕಾಳಿ ನದಿಗೆ ಮೀನು ಹಿಡಿಯಲು ಹೋಗುತ್ತಿದ್ದರು. ಅವರ ಹೆಂಡತಿಗೆ ಮಾತ್ರ ರಜೆ ಇರಲಿಲ್ಲ. ಹಿಡಿದು ತಂದ ಮೀನು ಸ್ವಚ್ಛ ಮಾಡುವ ಕೆಲಸ ಆ ದಿನ ಇನ್ನೂ ಹೆಚ್ಚು!

ವಾರದ ರಜೆ ತಾನಾಗಿ ಬಂದದ್ದಲ್ಲ. ಕೇಳಿ ಪಡೆದದ್ದು. 1890 ರ ಮಾತು. ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಸಾವಿರಾರು ಜನ ದುಡಿಯುತ್ತಿದ್ದರು. ವಾರಕ್ಕೊಂದು ದಿನ ತಪ್ಪದೆ ರಜೆ ಎಂಬುದು ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಎಂಬವರು ಕೂಲಿಕಾರರನ್ನು ಒಂದುಗೂಡಿಸಿದರು. ಅವರು ಜ್ಯೋತಿಬಾ ಫುಲೆಯವರ ಜೊತೆಗಾರರು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಮುಂಬೈಯಲ್ಲಿ ದೊಡ್ಡ ಸಭೆ ಕೂಡಿತು. ಸುಮಾರು ಹತ್ತು ಸಾವಿರ ಜನ ಸೇರಿದ್ದರು. ಆ ಸಭೆಯಲ್ಲಿ ಇಬ್ಬರು ಹೆಂಗಸರು ಎದ್ದು ನಿಂತು ಮಾತಾಡಿದರು. ಅವರೂ ಗಿರಣಿಯ ಕೂಲಿಕಾರರು. ಮಾಲೀಕರು ರವಿವಾರದ ರಜೆಗೆ ಒಪ್ಪಿದರು. ಅದು 1890 ರ ಜೂನ್ 10.

ಆಮೇಲೆ ದೇಶಕ್ಕೆ ಸ್ವಾತಂತ್ರ್ಯ ಬಂತು. 1948 ರ ಕಾರ್ಖಾನೆ ಕಾಯ್ದೆ ಬಂತು. ವಾರಕ್ಕೆ ಒಂದು ದಿನ ರಜೆ ಕೊಡಲೇಬೇಕು ಎಂದು ಅದರಲ್ಲಿ ಬರೆದರು.

ಇದನ್ನು ಓದಿ ಹೇಳಿದಾಗ ಅಕ್ಕ ಆ ಇಬ್ಬರು ಹೆಂಗಸರನ್ನೇ ಹಿಡಿದುಕೊಂಡರು. “ಹತ್ತು ಸಾವಿರ ಮಂದಿ ಮುಂದ ಹ್ಯಾಂಗ ಮಾತಾಡಿದ್ರಿ ಅವರು? ನನಗ ಗ್ರಾಮಸಭಾದಾಗ ನಿಂತ್ರ ಕಾಲು ನಡಗ್ತಾವ.”

ಒಲೆಯ ಮುಂದಿನ ಕೆಲಸಕ್ಕೆ ಯಾವ ಕಾಯ್ದೆ? ಅದಕ್ಕೆ ಉತ್ತರ ನಮ್ಮಲ್ಲೂ ಇರಲಿಲ್ಲ. ಆದರೆ ಲೆಕ್ಕ ಇತ್ತು. 2024 ರಲ್ಲಿ ಕೇಂದ್ರ ಸರ್ಕಾರ ದೇಶದ ತುಂಬ ಮನೆಮನೆಗೆ ಹೋಗಿ ಸಮಯದ ಲೆಕ್ಕ ತೆಗೆಯಿತು. ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ ಸರಾಸರಿ 289 ನಿಮಿಷ ಆ ಕೆಲಸ ಮಾಡುತ್ತಾಳೆ. ಮನೆಗೆಲಸ ಮಾಡುವ ಗಂಡಸು 88 ನಿಮಿಷ ಮಾಡುತ್ತಾನೆ. ಮಕ್ಕಳ, ಮುದುಕರ ಆರೈಕೆ ಇದರಲ್ಲಿ ಸೇರಿಲ್ಲ. ಅದು ಬೇರೆ ಲೆಕ್ಕ.

ಸರಾಸರಿ ಅಂದರೇನು? ಎಲ್ಲರ ನಿಮಿಷ ಕೂಡಿಸಿ, ಎಲ್ಲರಿಗೂ ಸಮ ಹಂಚಿದರೆ ಬರುವ ಪಾಲು. ಈಗ 289 ನಿಮಿಷವನ್ನು ಗಂಟೆ ಮಾಡಿ. 60 ರಿಂದ ಭಾಗಿಸಿ. 4 ಗಂಟೆ, 49 ನಿಮಿಷ. ಗಂಡಸಿನದು 1 ಗಂಟೆ, 28 ನಿಮಿಷ. ವ್ಯತ್ಯಾಸ 3 ಗಂಟೆ, 21 ನಿಮಿಷ.

ಈ ಲೆಕ್ಕ ಹಲಗೆಯ ಮೇಲೆ ಬಿಡಿಸಿದ ದಿನ ಕೇಂದ್ರದಲ್ಲಿ ಯಾರೂ ಬೇಗ ಮನೆಗೆ ಹೋಗಲಿಲ್ಲ. “ಎಂಬತ್ತೆಂಟು ನಿಮಿಷ ಮಾಡೋ ಗಂಡಸು ಯಾವ ಊರಾಗ ಅದಾನ್ರಿ?” ಅಂತ ಒಬ್ಬರು ಕೇಳಿದರು. ನಾವು ಏನು ಹೇಳೋಣ? ನಮ್ಮ ಮನೆಯಲ್ಲೂ ರವಿವಾರ ಅಂದರೆ ಒಂದು ವಾರದ ಬಟ್ಟೆಯ ರಾಶಿ.

ಕವಂದಿ ಹೊಲಿಯುವುದು ಹೇಗೆ?

ಕವಂದಿಗೆ ಹೊಸ ಬಟ್ಟೆ ಬೇಡ. ಹಳೆ ಸೀರೆ ಒಂದು ಕೆಳಗೆ ಹಾಸಬೇಕು. ಅದರ ಮೇಲೆ ತುಂಡು ಬಟ್ಟೆ ಇಡುತ್ತ ಹೋಗಬೇಕು. ಮಗನ ಹಳೆ ಅಂಗಿ, ಮಗಳ ಶಾಲೆಯ ಲಂಗ, ತೀರಿಹೋದ ಅತ್ತೆಯ ಕುಪ್ಪಸ, ಎಲ್ಲ ಬರುತ್ತದೆ. ಹೊಲಿಗೆ ಒಂದು ಅಂಚಿನಿಂದ ಶುರು. ತುಂಡಿನ ಅಂಚು ಒಳಗೆ ಮಡಚಿ ಹೊಲಿಯುತ್ತ, ಸುತ್ತು ಹಾಕುತ್ತ, ಒಳಗೆ ಒಳಗೆ ಬರಬೇಕು. ಕೊನೆಗೆ ನಡುವಿಗೆ ಬಂದು ಮುಗಿಯುತ್ತದೆ. ಹೊಲಿಗೆ ಸಾಲು ಸಾಲಾಗಿ, ಹತ್ತಿರ ಹತ್ತಿರ ಇರಬೇಕು. ಗದ್ದೆಯಲ್ಲಿ ನಾಟಿ ಹಚ್ಚಿದ ಹಾಗೆ ಕಾಣುತ್ತದೆ. ಯಾವ ಬಣ್ಣದ ಪಕ್ಕ ಯಾವ ಬಣ್ಣ? ಅದನ್ನು ಯಾರೂ ಹೇಳಿಕೊಡುವುದಿಲ್ಲ. ಕೈಯೇ ಹುಡುಕುತ್ತದೆ. ಕೆಲವರು ಶಿಲುಬೆ ಹೊಲಿಯುತ್ತಾರೆ, ಕೆಲವರು ಅರ್ಧಚಂದ್ರ ಹೊಲಿಯುತ್ತಾರೆ.

ಕೊನೆಗೆ ನಾಲ್ಕು ಮೂಲೆಗೆ ಮಡಚಿದ ಮುಕ್ಕೋನದ ತುಂಡು ಹಚ್ಚುತ್ತಾರೆ. ಅದಕ್ಕೆ ಫೂಲ ಅನ್ನುತ್ತಾರೆ. ಫೂಲ ಅಂದರೆ ಹೂವು. ಮೂಲೆಯಲ್ಲಿ ಹೂವಿಲ್ಲದ ಕವಂದಿ ಬತ್ತಲೆ ಎಂದು ಹಿರಿಯರ ಮಾತು. ಹೊಲಿಗೆ ಮುಚ್ಚುವ ಮುಂಚೆ ಕೆಲವರು ನಡುವೆ ನಾಲ್ಕು ಕಾಳು ಅಕ್ಕಿ ಇಡುತ್ತಾರೆ. ಕವಂದಿಯ ಹೊಟ್ಟೆಯೂ ತುಂಬಿರಬೇಕು!

ಮಳೆಗಾಲದಲ್ಲಿ ನಮ್ಮ ಕಾಡಿನ ಚಳಿ ನಿಮಗೆ ಗೊತ್ತು. ಒಂದು ಕವಂದಿಯೊಳಗೆ ಮೂರು ಮಕ್ಕಳು ಮಲಗುತ್ತಾರೆ. ಹಾಗಾಗಿ ಸಿದ್ದಿ ಮನೆಗಳಲ್ಲಿ ಇದು ಅಂದದ ವಸ್ತುವಲ್ಲ. ಬೇಕೇ ಬೇಕಾದ ವಸ್ತು.

ಈಗ ಇದು ದೂರದ ಊರಿಗೂ ಹೋಗಿದೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಪ್ರಾಧ್ಯಾಪಕರು ಸಿದ್ದಿ ಹೆಂಗಸರ ಕವಂದಿಗಳ ಅಭ್ಯಾಸ ಮಾಡಿದರು. 2011 ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ನಾವು ನೆಲಕ್ಕೆ ಹಾಸುವುದನ್ನು ಅಲ್ಲಿ ಗೋಡೆಗೆ ತೂಗು ಹಾಕಿದರು. ಮುಂಡಗೋಡ ತಾಲೂಕಿನ ಮೈನಳ್ಳಿ, ಗುಂಜಾವತಿ ಕಡೆಯ ಹೆಂಗಸರು ಮಾರಲು ಕೂಡ ಹೊಲಿಯುತ್ತಾರೆ. ಕೆಲವರ ಕೈಗೆ ಒಳ್ಳೆಯ ರೊಕ್ಕ ಬಂದಿದೆ. ಒಳ್ಳೆಯದೇ.

ಆರ್ಡರಿನ ಕವಂದಿ

ಅಕ್ಕನಿಗೂ ಒಂದು ಆರ್ಡರು ಬಂತು. ಪಟ್ಟಣದ ವ್ಯಾಪಾರಿಯೊಬ್ಬರು ಮನೆಗೆ ಬಂದರು. ಕವಂದಿ ಮುಟ್ಟಿ ನೋಡಿದರು. “ಹೀಗೇ ಒಂದು ಬೇಕು. ಆದರೆ ಕೆಂಪು ಬೇಡ. ಬೂದು, ಬಿಳಿ, ನೀಲಿ ಸಾಕು. 25 ದಿನದಲ್ಲಿ ಬೇಕು. ಮೂರು ಸಾವಿರ ಕೊಡುತ್ತೇವೆ” ಅಂದರು. ಮೂರು ಸಾವಿರ! ಗಂಡ ಕೂಡಲೇ ಒಪ್ಪಿದರು. ಅಕ್ಕನೂ ಒಪ್ಪಿದರು.

ಹಗಲು ಎರಡು ಗಂಟೆ, ರಾತ್ರಿ ಮೂರು ಗಂಟೆ ಹೊಲಿದರು. ಆ ದಿನಗಳಲ್ಲಿ ಕೇಂದ್ರಕ್ಕೆ ಬರಲಿಲ್ಲ. ಐತಾರವೂ ಹೋಯಿತು. ಹಾಡು ಹಚ್ಚಲಿಲ್ಲ. ಕಣ್ಣು ಉರಿಯಿತು. ಬೆರಳಿಗೆ ಸೂಜಿ ಚುಚ್ಚಿ ಕೀವಾಯಿತು. 25 ನೇ ದಿನ ಕೊಟ್ಟರು. ರೊಕ್ಕ ಕೈಗೆ ಬಂತು.

ಮರುದಿನ ಕೇಂದ್ರಕ್ಕೆ ಬಂದು, “ಲೆಕ್ಕಾ ಬಿಡಸ್ರಿ ಅಕ್ಕೋರ” ಅಂದರು. ಬಿಡಿಸಿದೆವು. ನೀವೂ ಬಿಡಿಸಿ.

ದಿನಕ್ಕೆ 5 ಗಂಟೆ. 25 ದಿನಕ್ಕೆ 125 ಗಂಟೆ.
3000 ರೂಪಾಯಿಯನ್ನು 125 ರಿಂದ ಭಾಗಿಸಿ. ಗಂಟೆಗೆ 24 ರೂಪಾಯಿ.
8 ಗಂಟೆ ದುಡಿದರೆ 192 ರೂಪಾಯಿ.

2024-25 ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 349 ರೂಪಾಯಿ ಇತ್ತು. ಅಕ್ಕ ಎರಡೂ ಅಂಕಿ ಬಹಳ ಹೊತ್ತು ನೋಡಿದರು. “ಮಣ್ಣು ಹೊತ್ತಿದ್ರ ಇದಕ್ಕಿಂತ ಛಲೋ ಇತ್ತು” ಅಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. “ರೊಕ್ಕ ಕಡಿಮಿ ಅಂತ ಅಷ್ಟ ಅಲ್ರಿ. ಕೆಂಪ ಬ್ಯಾಡ ಅಂದ್ರಲ್ಲ, ಅವತ್ತ ನನಗ ಹೊಲಿಯೋ ಖುಷಿ ಹೋತು.”

ನಾವು ಈ ಮಾತಿನ ಮೇಲೆ ಎರಡು ರಾತ್ರಿ ಚರ್ಚೆ ಮಾಡಿದೆವು. ಆರ್ಡರು ಬಂದರೆ ಬಿಡಬಾರದು ಎಂಬುದು ನಮ್ಮ ಅಭಿಪ್ರಾಯ. ದರ ಮಾತ್ರ ಗಂಟೆ ಎಣಿಸಿ ಹೇಳಬೇಕು. ಬಟ್ಟೆಯ ತೂಕ ನೋಡಿ ಹೇಳಬಾರದು. ಆದರೆ ಆರ್ಡರಿನ ಹೊಲಿಗೆ ಕೂಲಿಯೇ. ಅದನ್ನು ಬಿಡುವು ಅನ್ನಬಾರದು. “ಹೆಂಗಸರು ಬಿಡುವಿನಲ್ಲಿ ಹೊಲಿಯುತ್ತಾರೆ, ಅವರಿಗೇನು ಕಷ್ಟ” ಅಂತ ಹೇಳಿ ದರ ಇಳಿಸುವವರಿದ್ದಾರೆ. ಅದನ್ನು ನಾವು ಒಪ್ಪುವುದಿಲ್ಲ.

ದಮಾಮಿ, ಸಿನಿಮಾ

ಕೆಲವು ಐತಾರ ಸಂಜೆ ಅಕ್ಕ ಸೂಜಿ ಎತ್ತಿಟ್ಟು ಹೊರಗೆ ಹೋಗುತ್ತಾರೆ. ವಸ್ತಿಯ ಹಿರಿಯರ ಮನೆಯಲ್ಲಿ ದಮಾಮಿ ಇದೆ. ದಮಾಮಿ ಅಂದರೆ ಡೋಲು. ಟೊಳ್ಳು ಮಾಡಿದ ಮರಕ್ಕೆ ಚರ್ಮ ಬಿಗಿದದ್ದು. ಅದರ ಹಾಡಿಗೂ ಕುಣಿತಕ್ಕೂ ಅದೇ ಹೆಸರು. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ದನಿ ಬಿಗಿಯಾಗುತ್ತದೆ. ಒಬ್ಬರು ಹಾಡು ಎತ್ತುತ್ತಾರೆ. ಉಳಿದವರು ಸೇರಿಸುತ್ತಾರೆ. ಇಡೀ ದಿನ ಬಗ್ಗಿ ಕಳೆ ಕಿತ್ತ ಸೊಂಟ ಆಗ ಹೇಗೆ ಕುಣಿಯುತ್ತದೋ ನಮಗೆ ತಿಳಿಯದು! ಜೋಯಿಡಾ ಕಡೆ ಕುಣಬಿ ಹೆಂಗಸರು ಫುಗಡಿ ಆಡುತ್ತಾರೆ. ಅಕ್ಕನಿಗೆ ಅದೂ ಬರುತ್ತದೆ. ನಮಗೂ ಕಲಿಸಲು ನೋಡಿದರು. ಎರಡು ಸುತ್ತಿಗೆ ನಮಗೆ ತಲೆ ತಿರುಗಿತು.

ಈ ಹಾಡು ಕುಣಿತ ಹಿಂದೆ ಕಾಡಿನಲ್ಲೇ ಇತ್ತು. ಈಗ ತೆರೆಯ ಮೇಲೂ ಬಂದಿದೆ. 2021 ರಲ್ಲಿ “ಸಲಗ” ಎಂಬ ಕನ್ನಡ ಸಿನಿಮಾ ಬಂತು. ಅದರ ಒಂದು ಹಾಡನ್ನು ಸಿದ್ದಿ ಕಲಾವಿದರು ಹಾಡಿದ್ದಾರೆ. ಹಾಡಿದವರಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಇದ್ದಾರೆ. ಅಕ್ಕ ಅದನ್ನು ಮೊಬೈಲಿನಲ್ಲಿ ನೋಡಿದರು. ಪುಟ್ಟ ತೆರೆ. ಸಮಾಧಾನ ಆಗಲಿಲ್ಲ. “ದೊಡ್ಡ ಪರದೆ ಮ್ಯಾಲೆ ಒಂದು ಸಿನಿಮಾ ನೋಡಬೇಕ್ರಿ” ಅಂದರು. ಮದುವೆಯಾದ ಹೊಸತಿನಲ್ಲಿ ಗಂಡನ ಜೊತೆ ಒಮ್ಮೆ ನೋಡಿದ್ದು. ಆಮೇಲೆ ಇಲ್ಲ.

2023 ರ ಜೂನ್ 11 ರಂದು ಶಕ್ತಿ ಯೋಜನೆ ಶುರುವಾಯಿತು. ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿನ ರೊಕ್ಕ ಇಲ್ಲ. ಮುಂದೆ ಒಂದು ಐತಾರ ಕೇಂದ್ರದ ನಾಲ್ಕು ಅಕ್ಕಂದಿರು ಮಾತಾಡಿಕೊಂಡರು. ಹಳಿಯಾಳದಿಂದ ಧಾರವಾಡದ ಬಸ್ಸು ಹತ್ತಿದರು. ಬಸ್ಸಿನ ಬೋರ್ಡು ಓದಿದ್ದು ಅಕ್ಕ. “ಧಾ... ರ... ವಾ... ಡ.” ಹಿಂದೆಲ್ಲ ಕಂಡಕ್ಟರನ್ನು ಕೇಳಿ ಹತ್ತುತ್ತಿದ್ದರು. ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟು ಕೊಟ್ಟರು. ಅದನ್ನು ಅಕ್ಕ ಇಂದಿಗೂ ಈ ಪುಸ್ತಕದೊಳಗೆ ಇಟ್ಟಿದ್ದಾರೆ. ಸಿನಿಮಾ ಟಿಕೆಟಿನ ರೊಕ್ಕ ಮಾತ್ರ ಅವರವರೇ ಕೊಟ್ಟರು. ಕುರ್ಚಿಯ ನಂಬರು ತಾವೇ ಓದಿ ಕೂತರು.

ಸಿನಿಮಾ ಅಷ್ಟೇನೂ ಚೆನ್ನಾಗಿರಲಿಲ್ಲವಂತೆ. ಬರೀ ಹೊಡೆದಾಟ. ಆದರೆ ಮಧ್ಯಂತರದಲ್ಲಿ ನಾಲ್ವರೂ ಬಿಸಿ ಮಿರ್ಚಿ ತಿಂದರು. “ಯಾರಿಗೂ ಬಡಿಸಲಾರದ ನಾವ ತಿಂದ್ವಿ” ಅಂತ ಅಕ್ಕ ಇಂದಿಗೂ ಹೇಳುತ್ತಾರೆ. ಮನೆಗೆ ಬಂದಾಗ ಕತ್ತಲಾಗಿತ್ತು. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು, “ಓದಾಕ ಕಲಿಸಿದ್ದು ಇದಕ್ಕೇನ?” ಅಂದರು. ಆ ಮಾತು ನಮ್ಮ ಕಿವಿಗೂ ಬಂತು. ಮರುದಿನ ನಾವೇ ಹೋಗಿ ಹೇಳಿದೆವು. “ಹೌದು ಅಜ್ಜಾ, ಇದಕ್ಕೂ ಕಲಿಸಿದ್ದೇವೆ.”

ಈ ಕವಂದಿ ಯಾರಿಗೆ?

ಈ ವರ್ಷ ಅಕ್ಕ ಒಂದು ಹೊಸ ಕವಂದಿ ಹೊಲಿಯುತ್ತಿದ್ದಾರೆ. ಐತಾರ ಮಾತ್ರ ಹೊಲಿಯುತ್ತಾರೆ. ತುಂಬ ಕೆಂಪು ಇದೆ. ಅವರ ತಾಯಿಯ ಸೀರೆಯ ತುಂಡೂ ಇದೆ. ಹಿಂದೆ ಹೊಲಿದವು ಮೊಮ್ಮಕ್ಕಳಿಗೆ ಹೋದವು, ಸೊಸೆಗೆ ಹೋದವು, ನಾದಿನಿಗೆ ಹೋದವು. “ಇದು ಯಾರಿಗೆ?” ಅಂತ ನಾವು ಕೇಳಿದೆವು.

“ನನಗ” ಅಂದರು.

ವ್ಯಾಪಾರಿಗೆ ಸುದ್ದಿ ಸಿಕ್ಕಿತು. ಮತ್ತೆ ಬಂದರು. ಈ ಸಲ ಐದು ಸಾವಿರ ಕೊಡುತ್ತೇವೆ ಅಂದರು. ಅಕ್ಕ ಇಲ್ಲ ಅಂದರು. ಗಂಡನಿಗೆ ಬಹಳ ಸಿಟ್ಟು ಬಂತು. ಮಳೆ ಹತ್ತಿರ ಬಂದಿದೆ. ಮಾಡಿಗೆ ಹೆಂಚು ಬೇಕು. ಸಿಟ್ಟಿನಲ್ಲಿ ನ್ಯಾಯವೂ ಇದೆ. ಎರಡು ವಾರ ಮನೆಯಲ್ಲಿ ಮಾತಿಲ್ಲ.

ಕೇಂದ್ರದಲ್ಲಿ ಎರಡು ಪಕ್ಷವಾಯಿತು. “ಹೆಂಚಿಗಿಂತ ಕೌದಿ ದೊಡ್ಡದೇನ?” ಅಂತ ಕೆಲವರು ಕೇಳಿದರು. “ಜಲ್ಮ ಪೂರ್ತಿ ಮಂದೀಗೆ ಹೊದಿಸ್ಯಾಳ, ಒಂದು ತಾನು ಹೊದ್ದುಕೊಂಡ್ರ ಏನಾತು?” ಅಂತ ಕೆಲವರು ಕೇಳಿದರು. ನಮ್ಮನ್ನೂ ಕೇಳಿದರು. ನಾವು ಅಕ್ಕನ ಕಡೆ. ಆದರೆ ಸೋರುವುದು ಅವರ ಮನೆ, ನಮ್ಮ ಮನೆಯಲ್ಲ. ಅದನ್ನೂ ಹೇಳಿದೆವು.

ಅಕ್ಕ ಒಂದು ದಾರಿ ತೆಗೆದರು. ವ್ಯಾಪಾರಿಗೆ ಬೇರೆ ಕವಂದಿ ಹೊಲಿದು ಕೊಡುತ್ತೇನೆ ಅಂದರು. ಸೋಮವಾರದಿಂದ ಶನಿವಾರದವರೆಗೆ ಮಾತ್ರ ಹೊಲಿಯುತ್ತಾರೆ. ದಿನಕ್ಕೆ ಎರಡೇ ಗಂಟೆ. ದರ ಆರು ಸಾವಿರ. ಅರ್ಧ ರೊಕ್ಕ ಮೊದಲು ಕೊಡಬೇಕು. ಇದನ್ನೆಲ್ಲ ಒಂದು ಹಾಳೆಯಲ್ಲಿ ತಾವೇ ಬರೆದರು. “ಮುಂಗಡ” ಎಂಬ ಪದದಲ್ಲಿ ಸೊನ್ನೆ ಬಿಟ್ಟಿತ್ತು. ನಾವು ತೋರಿಸಿದೆವು. ತಿದ್ದಿದರು. ಕೆಳಗೆ ಸಹಿ ಮಾಡಿದರು. ವ್ಯಾಪಾರಿ ಆ ಹಾಳೆ ತೆಗೆದುಕೊಂಡು ಹೋಗಿದ್ದಾರೆ. ಈ ಪಾಠ ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ.

ಕಳೆದ ಐತಾರ ನಾವು ಅಕ್ಕನ ಮನೆಗೆ ಹೋಗಿದ್ದೆವು. ಕವಂದಿ ಮೂರು ಪಾಲು ಮುಗಿದಿದೆ. ನಡುವೆ ಒಂದು ಮೊಳದಷ್ಟು ಉಳಿದಿದೆ. ನಾಲ್ಕು ಫೂಲ ಮೊದಲೇ ಮಡಚಿ ಡಬ್ಬಿಯಲ್ಲಿ ಇಟ್ಟಿದ್ದಾರೆ. ಗಂಡ ಹಿತ್ತಲಲ್ಲಿ ಹಳೆ ಹೆಂಚು ತೊಳೆಯುತ್ತಿದ್ದರು. ಮಗ ಚಹಾ ತಂದ. ಸಕ್ಕರೆ ಜಾಸ್ತಿ ಇತ್ತು.

ಕೇಂದ್ರದಲ್ಲಿ ಮಾಡೋಣ

ಕಳೆದ ರವಿವಾರ ನೀವು ಯಾವ ಹೊತ್ತಿಗೆ ಏನು ಮಾಡಿದಿರಿ? ಬೆಳಿಗ್ಗೆ 5 ರಿಂದ ರಾತ್ರಿ 10 ರವರೆಗೆ ಒಂದೊಂದು ಗಂಟೆಗೆ ಒಂದು ಸಾಲು ಬರೆಯಿರಿ. ನಿಮಗಾಗಿ ಕಳೆದ ಹೊತ್ತಿನ ಮುಂದೆ ಒಂದು ಹೂವು ಬಿಡಿಸಿ. ಮನೆಯ ಗಂಡಸರದ್ದೂ ಹೀಗೇ ಕೇಳಿ ಬರೆಯಿರಿ. ಎರಡೂ ಹಾಳೆಯ ಹೂವು ಎಣಿಸಿ.

ಅಕ್ಕ ವ್ಯಾಪಾರಿಗೆ ಬರೆದಂಥ ಹಾಳೆ ನೀವೂ ಒಂದು ಬರೆಯಿರಿ. ನಿಮ್ಮ ಕೈಗೆ ಬರುವ ಕೆಲಸ ಯಾವುದು? ಎಷ್ಟು ಗಂಟೆ ಬೇಕು? ದರ ಎಷ್ಟು? ಯಾವ ದಿನ ಮಾಡುವುದಿಲ್ಲ?